ಚಿರಂಜೀವಿಯ ಮರಣ: ಕನ್ನಡಕ್ಕೆ ಬಂದ ಗ್ರೀಕ್ ರುದ್ರನಾಟಕ

ಗ್ರೀಕರ ಟ್ರ್ಯಾಜಿಡಿಗೆ ಕನ್ನಡದಲ್ಲಿ 'ರುದ್ರನಾಟಕ'ವೆಂಬ ಹೆಸರು ನೆಲೆಗೊಂಡಿದೆ. ಅದನ್ನು ಬಳಕೆಗೆ ತಂದವರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಮುಖ್ಯರು. ದುಃಖಾಂತವೆಂದರೆ ಕೊನೆಯೊಂದನ್ನೇ ಹೇಳಿದಂತಾಯಿತು. ರುದ್ರವೆಂದರೆ ಭಯವೂ ಉಂಟು, ದೈವವೂ ಉಂಟು, ಅಳುವೂ ಉಂಟು. ಹೆಸರು ಸುಲಭವಾಗಿ ಬಂದಿತು. ಹೆಸರಿನ ಹಿಂದಿದ್ದ ವಸ್ತು ಅಷ್ಟು ಸುಲಭವಾಗಿ ಬರಲಿಲ್ಲ. ಅದು ನಮ್ಮ ಭಾಷೆಯೊಳಗೆ ಕಾಲಿಡಬೇಕಾದರೆ ಒಬ್ಬ ಚಿರಂಜೀವಿ ಸಾಯಬೇಕಾಯಿತು. ಆ ಕಥೆಯನ್ನು ಇಂದು ನಾವು ಹೇಳಬೇಕೆಂದಿದ್ದೇವೆ.

ಮೊದಲು ಸ್ವಲ್ಪ ದೂರದಿಂದ ಹೊರಡೋಣ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಓದಿದ ಕುಲದ ಹುಡುಗನು ಗ್ರೀಕ್ ಭಾಷೆಯನ್ನು ಬಾಲ್ಯದಿಂದ ಉರುಹೊಡೆಯುತ್ತಿದ್ದನು. ನಮ್ಮ ಪಾಠಶಾಲೆಗಳಲ್ಲಿ ಅಮರವನ್ನೂ ಶಬ್ದರೂಪಗಳನ್ನೂ ಉರುಹೊಡೆದಂತೆ. ಅದೇ ಕಾಲಕ್ಕೆ ಲಂಡನ್ನಿನ ರಂಗಭೂಮಿಯನ್ನು ಅಬ್ಬರದ ಕಥೆಗಳೂ ಚಮತ್ಕಾರದ ದೃಶ್ಯಗಳೂ ಆಕ್ರಮಿಸಿಕೊಂಡಿದ್ದವು. ಕವಿಯಾದವನಿಗೆ ಅಲ್ಲಿ ಸ್ಥಳವಿರಲಿಲ್ಲ. ಹೀಗಾಗಿ ಕವಿಗಳು ಆಡುವುದಕ್ಕಲ್ಲದೆ ಓದುವುದಕ್ಕಾಗಿಯೇ ಪದ್ಯನಾಟಕಗಳನ್ನು ಬರೆದರು; ವಸ್ತುವನ್ನೂ ಅಚ್ಚನ್ನೂ ಗ್ರೀಕರಿಂದ ತಂದರು. ಮ್ಯಾಥ್ಯೂ ಆರ್ನಾಲ್ಡನು 1852ರಲ್ಲಿ ಎಟ್ನಾ ಬೆಟ್ಟದ ಬೆಂಕಿಯ ಬಾಯಿಗೆ ಹಾರಿದ ಎಂಪೆಡೊಕ್ಲೀಸನನ್ನು ಕುರಿತು ನಾಟಕರೂಪದ ಕಾವ್ಯವನ್ನು ಬರೆದನು. ಮರುವರ್ಷವೇ ಅದನ್ನು ತನ್ನ ಸಂಗ್ರಹದಿಂದ ತೆಗೆದುಹಾಕಿದನು. ಕ್ರಿಯೆಯಲ್ಲಿ ಬಿಡುಗಡೆ ಕಾಣದ ಬರಿಯ ನರಳಾಟ ಕಾವ್ಯಕ್ಕೆ ತಕ್ಕುದಲ್ಲವೆಂದು ಅವನ ಮತ. 1858ರಲ್ಲಿ 'ಮೆರೊಪಿ'ಯನ್ನು ಬರೆದನು. ಗಂಡನನ್ನು ಕೊಂದು ರಾಜ್ಯವನ್ನು ಕಸಿದವನ ಅರಮನೆಯಲ್ಲಿ ತಾಯಿ. ವೇಷ ಮರೆಸಿಕೊಂಡು ತನ್ನ ಸಾವಿನ ಸುದ್ದಿಯನ್ನು ತಾನೇ ತರುವ ಮಗ. ಆ ಮಗನ ಮೇಲೆಯೇ ಕೊಡಲಿಯೆತ್ತುವ ತಾಯಿ. ಕಥೆಯೇನೋ ಮೈನವಿರೇಳಿಸುವಂಥದು. ಆರ್ನಾಲ್ಡನ ಕೈಯಲ್ಲಿ ಅದು ಅಮೃತಶಿಲೆಯ ಬೊಂಬೆಯಾಯಿತು: ಅವಯವಗಳೆಲ್ಲ ಸರಿ, ಮೈ ಮಾತ್ರ ತಣ್ಣಗೆ.

ಬಿಸಿ ಬಂದದ್ದು 1865ರಲ್ಲಿ, ಸ್ವಿನ್‌ಬರ್ನನ 'ಕ್ಯಾಲಿಡಾನಿನ ಅಟಲಾಂಟ'ದೊಂದಿಗೆ. ಕವಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಮೆಲಿಯೇಜರನು ಹುಟ್ಟಿದಾಗ ವಿಧಿದೇವತೆಯರು ಬಂದು, ಒಲೆಯಲ್ಲಿ ಉರಿಯುತ್ತಿರುವ ಕೊಳ್ಳಿ ಉರಿದು ಬೂದಿಯಾಗುವವರೆಗೆ ಮಾತ್ರ ಇವನ ಆಯುಸ್ಸು ಎಂದು ನುಡಿಯುತ್ತಾರೆ. ತಾಯಿ ಕೊಳ್ಳಿಯನ್ನು ಸೆಳೆದು ನಂದಿಸಿ ಬಚ್ಚಿಡುತ್ತಾಳೆ. ಮಗ ಬೆಳೆದು, ನಾಡನ್ನು ಹಾಳುಮಾಡುತ್ತಿದ್ದ ಹಂದಿಯನ್ನು ಕೊಂದು, ಅದರ ತೊಗಲನ್ನು ಬೇಟೆಗಾತಿ ಅಟಲಾಂಟಳಿಗೆ ಒಪ್ಪಿಸುತ್ತಾನೆ. ಅಡ್ಡಬಂದ ಸೋದರಮಾವಂದಿರನ್ನು ಕೊಲ್ಲುತ್ತಾನೆ. ಒಡಹುಟ್ಟಿದವರು ಒಂದು ಕಡೆ, ಹೊಟ್ಟೆಯಲ್ಲಿ ಹುಟ್ಟಿದವನು ಒಂದು ಕಡೆ. ತಾಯಿ ಬಚ್ಚಿಟ್ಟ ಕೊಳ್ಳಿಯನ್ನು ತಂದು ಮತ್ತೆ ಬೆಂಕಿಗಿಡುತ್ತಾಳೆ. ಈ ಕೃತಿಯ ಮೇಳಗೀತಗಳ ಓಟ ಇಂಗ್ಲಿಷಿನಲ್ಲಿ ಅದುವರೆಗೆ ಕೇಳದಿದ್ದ ಓಟ. ಆದರೂ ಒಂದು ಮಾತನ್ನು ಹೇಳಲೇಬೇಕು. ಕ್ಯಾಲಿಡಾನ್ ಎಲ್ಲಿದೆಯೆಂದು ಲಂಡನ್ನಿನ ಸಾಮಾನ್ಯನಿಗೆ ಗೊತ್ತಿರಲಿಲ್ಲ. ಮೆಲಿಯೇಜರನು ಸತ್ತರೂ ಒಂದೇ, ಬದುಕಿದರೂ ಒಂದೇ. ಕಥೆಯನ್ನು ಕವಿ ತಿರುಗಿಸಿ ಬರೆದಿದ್ದರೂ ಕೇಳುವವರು ಯಾರು? ಅದು ಪುಸ್ತಕದಿಂದ ಹುಟ್ಟಿ ಪುಸ್ತಕಕ್ಕೆ ಸೇರಿದ ಲೋಕ.

ಅಥೆನ್ಸ್ ನಗರದಲ್ಲಿ ಹಾಗಿರಲಿಲ್ಲ. ಅಲ್ಲಿ ಸಾವಿರಾರು ಜನ ಬಯಲಿನಲ್ಲಿ ಕುಳಿತು ತಮ್ಮ ದೇವರ ಉತ್ಸವದಲ್ಲಿ ತಮ್ಮ ಹಿರಿಯರ ಕಥೆಯನ್ನೇ ನೋಡುತ್ತಿದ್ದರು. ಇದು ಹೇಗಿದ್ದೀತೆಂದು ಕನ್ನಡಿಗರಿಗೆ ಬಹಳ ವಿವರಿಸಬೇಕಾಗಿಲ್ಲ. ಹುಬ್ಬಳ್ಳಿಯಿಂದ ತೆಂಕಣಕ್ಕೆ ಬರುವ ಹೆದ್ದಾರಿಯಲ್ಲಿ ತಡಸವೆಂಬ ಊರಿದೆ. ಶಿಗ್ಗಾಂವಿ ತಾಲೂಕಿಗೆ ಸೇರಿದ್ದು. ಅಲ್ಲಿಂದಾಚೆಗೆ ಹಾನಗಲ್ಲು. ಈ ಹಾನಗಲ್ಲನ್ನು ಹಳೆಯ ಶಾಸನಗಳು ಪಾನುಂಗಲ್ಲೆಂದೂ ವಿರಾಟನ ಕೋಟೆಯೆಂದೂ ಕರೆಯುತ್ತವೆ. ಪಾಂಡವರು ಅಜ್ಞಾತವಾಸ ಕಳೆದದ್ದು ಇಲ್ಲಿಯೇ ಎಂದು ಆ ಸೀಮೆಯ ಜನ ನಂಬುತ್ತಾರೆ. ಇತಿಹಾಸ ಇದಕ್ಕೆ ಏನೆನ್ನುವುದೋ ಅದು ಬೇರೆ ಮಾತು. ಕೀಚಕನು ಸತ್ತದ್ದು ತಮ್ಮ ಊರ ಮಗ್ಗುಲಲ್ಲಿ ಎಂದುಕೊಂಡು ಬೆಳೆದವನಿಗೆ ಭಾರತವು ಪರದೇಶದ ಕಥೆಯಾಗಲಾರದು. ಇಂಥ ಸೀಮೆಯಲ್ಲಿ ದೊಡ್ಡಾಟ ನಡೆಯುವಾಗ ನೋಡಿ. ಬಯಲಿನಲ್ಲಿ ಎತ್ತರದ ಅಟ್ಟ. ಹಿಂದೆ ಭಾಗವತನೂ ಹಿಮ್ಮೇಳದವರೂ. ಮುಂದೆ ಕಿರೀಟ, ಭುಜಕೀರ್ತಿ ತೊಟ್ಟ ವೇಷ. ಬಂದವನನ್ನು ಸಾರಥಿಯು ತಡೆದು, ನೀವು ಧಾರು, ಎಲ್ಲಿಂದ ಬಂದಿರಿ ಎಂದು ಕೇಳುತ್ತಾನೆ. ಕೇಳಬೇಕಾದ ಅಗತ್ಯವಿಲ್ಲ, ಎಲ್ಲರಿಗೂ ಗೊತ್ತು, ಆದರೂ ಕೇಳಬೇಕು. ಪಾತ್ರವು ನುಡಿದುದನ್ನು ಹಿಮ್ಮೇಳ ಎತ್ತಿ ಹಾಡುತ್ತದೆ. ಗ್ರೀಕ್ ನಾಟಕದ ಮೇಳವೂ ಇಂಥದೇ ಮಧ್ಯಸ್ಥನು: ವೀರನೂ ಅಲ್ಲ, ಪ್ರೇಕ್ಷಕನೂ ಅಲ್ಲ, ಕೇಳುತ್ತಾನೆ, ಅಂಜುತ್ತಾನೆ, ಹಾಡುತ್ತಾನೆ. ಒಂದೇ ವ್ಯತ್ಯಾಸವನ್ನು ಇಲ್ಲಿ ನೆನಪಿಡಬೇಕು. ದೊಡ್ಡಾಟದಲ್ಲಿ ಕೀಚಕನೂ ದುಶ್ಶಾಸನನೂ ಸಾಯುವುದುಂಟು. ಅದು ಕೇಡಿಗನ ಸಾವು, ಅದರ ಮೇಲೆ ಮಂಗಳ ಹಾಡಬಹುದು. ನಮ್ಮ ಮನಸ್ಸು ಒಲಿದವನೇ ಸತ್ತು, ಆ ಸಾವಿನ ಮುಂದೆ ಎಲ್ಲರೂ ಮೌನವಾಗಿ ನಿಲ್ಲುವುದು ಅಲ್ಲಿಲ್ಲ.

ಬಿ. ಎಂ. ಶ್ರೀಯವರು ಕೈಹಾಕಿದ್ದು ಇಲ್ಲಿಗೆ. 1884ರಲ್ಲಿ ಹುಟ್ಟಿದ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ದೀರ್ಘಕಾಲ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದವರು. 1911ರಲ್ಲಿ ಧಾರವಾಡದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದರು. 1946ರಲ್ಲಿ ತೀರಿಕೊಂಡದ್ದೂ ಧಾರವಾಡದಲ್ಲಿಯೇ, ಅಲ್ಲಿಯ ಕಾಲೇಜೊಂದರ ಪ್ರಿನ್ಸಿಪಾಲರಾಗಿದ್ದಾಗ. 'ಇಂಗ್ಲಿಷ್ ಗೀತಗಳು' ಅವರ ಹೆಸರನ್ನು ಮನೆಮಾತಾಗಿ ಮಾಡಿತು. ಅದರ ಬೆಳಕಿನಲ್ಲಿ ಅವರ ಮೂರು ನಾಟಕಗಳು ಮಂಕಾದುವು. ನಮ್ಮ ಎಣಿಕೆಯಲ್ಲಿ ಸಾಹಸವಿರುವುದು ಆ ಮೂರರಲ್ಲಿಯೇ.

ಮೊದಲನೆಯದು 1926ರ 'ಗದಾಯುದ್ಧ ನಾಟಕಂ'. ಹತ್ತನೆಯ ಶತಮಾನದ ಕೊನೆಯ ರನ್ನಕವಿ ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿ ಕಾವ್ಯವನ್ನು ಕಟ್ಟಿದ್ದನು. ಹೆಸರೇ 'ಸಾಹಸಭೀಮವಿಜಯ'. ಆದರೂ ಓದುವವನ ಕಣ್ಣು ಭೀಮನನ್ನು ಬಿಟ್ಟು, ರಣದಲ್ಲಿ ತನ್ನವರ ಹೆಣಗಳ ನಡುವೆ ನಡೆದುಹೋಗುವ ದುರ್ಯೋಧನನ ಬೆನ್ನು ಹಿಡಿಯುತ್ತದೆ. ಶ್ರೀಯವರು ರನ್ನನ ಮಾತುಗಳನ್ನು ಬಹುಮಟ್ಟಿಗೆ ಹಾಗೆಯೇ ಉಳಿಸಿಕೊಂಡು, ಬೇಕಾದುದನ್ನು ಆಯ್ದು, ಬೇಡವಾದುದನ್ನು ಬಿಟ್ಟು, ದುರ್ಯೋಧನನೇ ನಾಯಕನಾಗುವಂತೆ ಜೋಡಿಸಿದರು. ಇದು ಸಂಪಾದನೆ. ಮೂಲದಲ್ಲಿ ಇದ್ದದ್ದೇ ಹೊರಗೆ ಬಂದಿತೆನ್ನಬಹುದು.

1929ರ 'ಅಶ್ವತ್ಥಾಮನ್' ಹಾಗಲ್ಲ. ಇದರ ಅಚ್ಚು ಸೋಫೋಕ್ಲೀಸನ 'ಏಜಾಕ್ಸ್'. ಕೇಂಬ್ರಿಜ್ಜಿನ ವಿದ್ಯಾರ್ಥಿಗಳು 1882ರಲ್ಲಿ ಗ್ರೀಕ್ ನಾಟಕವನ್ನು ಗ್ರೀಕಿನಲ್ಲಿಯೇ ಆಡುವ ಪದ್ಧತಿಯನ್ನು ಆರಂಭಿಸಿದಾಗ ಮೊದಲು ಆರಿಸಿಕೊಂಡದ್ದೂ ಇದನ್ನೇ. ಮುಂದೆ ಜೆಬ್ ಪಂಡಿತನು ಸೋಫೋಕ್ಲೀಸನ ಏಳು ನಾಟಕಗಳನ್ನೂ ಇಂಗ್ಲಿಷ್ ಗದ್ಯದೊಂದಿಗೆ 1883ರಿಂದ 1896ರವರೆಗೆ ಒಂದೊಂದಾಗಿ ಪ್ರಕಟಿಸಿದನು.

ಕಥೆ ಹೀಗೆ. ಟ್ರಾಯ್ ಯುದ್ಧದಲ್ಲಿ ಅಖಿಲೀಸನು ಮಡಿದ ಮೇಲೆ ಅವನ ಆಯುಧಗಳು ವೀರಾಗ್ರಣಿಗೆ ಸಲ್ಲಬೇಕು. ಏಜಾಕ್ಸನಿಗೆ ಸಲ್ಲಬೇಕಾದುದು ಒಡಿಸ್ಯೂಸನಿಗೆ ಸಲ್ಲುತ್ತದೆ. ಏಜಾಕ್ಸನು ನಡುರಾತ್ರಿ ತನ್ನ ಪಕ್ಷದ ನಾಯಕರನ್ನೇ ಕೊಲ್ಲಹೊರಡುತ್ತಾನೆ. ಅಥೀನಾದೇವಿ ಅವನ ಬುದ್ಧಿಗೆ ಮಂಕು ಕವಿಸುತ್ತಾಳೆ. ಅವನು ದನಕುರಿಗಳನ್ನು ಶತ್ರುಗಳೆಂದು ಬಗೆದು ಕಡಿದುಹಾಕುತ್ತಾನೆ. ಆ ಹುಚ್ಚನನ್ನು ದೇವಿಯು ಒಡಿಸ್ಯೂಸನಿಗೆ ತೋರಿಸಿ, ನಗು ಎನ್ನುತ್ತಾಳೆ. ಅವನಿಗೆ ನಗು ಬರುವುದಿಲ್ಲ. ಹಗೆಯಾದರೂ ಮರುಕ ಬರುತ್ತದೆ, ಮನುಷ್ಯನ ಪಾಡೇ ಇಷ್ಟೆಂದು ಕಾಣುತ್ತದೆ. ಬೆಳಗಾದಾಗ ಏಜಾಕ್ಸನಿಗೆ ತಿಳಿವು ಮರಳುತ್ತದೆ. ಸುತ್ತಲೂ ರಕ್ತದಲ್ಲಿ ಬಿದ್ದ ಜಾನುವಾರುಗಳು. ಹೆಂಡತಿಯಂತೆ ಇರುವ ಟೆಕ್ಮೆಸ್ಸಾ ಬೇಡಿಕೊಳ್ಳುತ್ತಾಳೆ, ಚಿಕ್ಕ ಮಗನಿದ್ದಾನೆ. ಮಾನ ಹೋದ ಮೇಲೆ ಇರುವ ಬಗೆ ಅವನಿಗೆ ತಿಳಿಯದು. ಹಿಂದೆ ದ್ವಂದ್ವಯುದ್ಧದ ತರುವಾಯ ಶತ್ರುವಾದ ಹೆಕ್ಟರನು ಕಾಣಿಕೆಯಾಗಿ ಕೊಟ್ಟಿದ್ದ ಕತ್ತಿಯನ್ನು ನೆಲದಲ್ಲಿ ನೆಟ್ಟು, ಅದರ ಮೇಲೆ ಬೀಳುತ್ತಾನೆ. ಆ ಹೊತ್ತಿಗೆ ಮೇಳವು ರಂಗದಲ್ಲಿಲ್ಲ, ಅವನನ್ನು ಹುಡುಕಹೋಗಿದೆ. ಒಮ್ಮೆ ಬಂದ ಮೇಳವು ನಡುವೆ ರಂಗವನ್ನು ಬಿಟ್ಟುಹೋಗುವುದು ಗ್ರೀಕ್ ನಾಟಕಗಳಲ್ಲಿ ಬಹಳ ಅಪೂರ್ವ. ಸಾಯುವವನು ಒಬ್ಬನೇ ಇರಲೆಂದು ಕವಿ ಅಷ್ಟನ್ನು ಮಾಡಿದನು. ನಾಟಕ ಇಲ್ಲಿಗೆ ಮುಗಿಯುವುದಿಲ್ಲ. ಹೆಣವನ್ನು ಮಣ್ಣುಮಾಡಕೂಡದೆಂದು ನಾಯಕರು, ಮಾಡಿಯೇ ತೀರುವೆನೆಂದು ತಮ್ಮ ಟ್ಯೂಸರನು. ಕೊನೆಗೆ ಒಡಿಸ್ಯೂಸನೇ ಬಂದು ಹಗೆಗೂ ಸಂಸ್ಕಾರವನ್ನು ಕೊಡಿಸುತ್ತಾನೆ.

ಈ ಕಥೆಯನ್ನು ಓದಿ ಅಶ್ವತ್ಥಾಮನನ್ನು ನೆನೆದದ್ದೇ ಒಂದು ಪ್ರತಿಭೆ. ಸೌಪ್ತಿಕಪರ್ವದ ಅವನೂ ಇರುಳಿನಲ್ಲಿ ಹೊರಟವನು. ಮರದಲ್ಲಿ ನಿದ್ರಿಸುತ್ತಿರುವ ಕಾಗೆಗಳನ್ನು ಗೂಬೆಯೊಂದು ಕೊಲ್ಲುವುದನ್ನು ಕಂಡು, ಅದನ್ನೇ ಉಪದೇಶವೆಂದು ತೆಗೆದುಕೊಂಡು ಪಾಂಡವರ ಪಾಳೆಯಕ್ಕೆ ನುಗ್ಗಿದವನು. ತಂದೆಯನ್ನು ಕೊಂದ ಧೃಷ್ಟದ್ಯುಮ್ನನನ್ನೂ ದ್ರೌಪದಿಯ ಐವರು ಮಕ್ಕಳನ್ನೂ ಮಲಗಿದ್ದಲ್ಲಿಯೇ ಮುಗಿಸಿದವನು. ರಾತ್ರಿ, ರೋಷ, ನೊಂದ ಮಾನ, ಬೆಳಗಿನ ಲಜ್ಜೆ: ಎರಡು ನಾಡಿನ ಕಥೆಗಳೂ ಇಲ್ಲಿ ಒಂದಕ್ಕೊಂದು ಕೈ ಚಾಚುತ್ತವೆ. ಶ್ರೀಯವರು ಟೆಕ್ಮೆಸ್ಸಾಳ ಸ್ಥಾನದಲ್ಲಿ ಭಾರ್ಗವಿಯೆಂಬ ಹೆಂಡತಿಯನ್ನು ನಿಲ್ಲಿಸಿದರು. ಟ್ಯೂಸರನ ಸ್ಥಾನಕ್ಕೆ ಏಕಲವ್ಯನನ್ನು ಕರೆತಂದರು. ದ್ರೋಣನಿಗೆ ಬೆರಳನ್ನು ಕೊಟ್ಟವನು ದ್ರೋಣನ ಮಗನಿಗಾಗಿ ನಿಲ್ಲುವುದು! ಇದು ಗ್ರೀಕಿನಲ್ಲಿಯೂ ಇಲ್ಲ, ವ್ಯಾಸರಲ್ಲಿಯೂ ಇಲ್ಲ. ಎರಡು ಕಥೆಗಳ ಬೆಸುಗೆಯಿಂದ ಹುಟ್ಟಿದ ಕಿಡಿ. ನಾಟಕದಲ್ಲಿ ಮೇಳವಿದೆ, ಮೇಳಗೀತಗಳಿವೆ. ಮತ್ತು ಕೊನೆಗೆ ಅಶ್ವತ್ಥಾಮನು ತನ್ನ ಕೈಯಿಂದಲೇ ಮಡಿಯುತ್ತಾನೆ.

ಗಲಾಟೆಯೆದ್ದದ್ದು ಇಲ್ಲಿ. ಅಶ್ವತ್ಥಾಮನು ಸಾಯುವನೆ? ಸಪ್ತ ಚಿರಂಜೀವಿಗಳನ್ನು ಪ್ರಾತಃಕಾಲದಲ್ಲಿ ಸ್ಮರಿಸುವಾಗ ಮೊದಲು ನಾಲಗೆಗೆ ಬರುವ ಹೆಸರೇ ಅವನದು. ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ, ಇವರೆಲ್ಲ ಅವನ ಹಿಂದೆ. ತಡಸದ ಬಯಲಿನಲ್ಲಿ ಕುಳಿತ ಅಕ್ಷರ ಬಾರದ ಮುದುಕನಿಗೂ ಇದು ಗೊತ್ತು. ಲಂಡನ್ನಿನಲ್ಲಿ ಸ್ವಿನ್‌ಬರ್ನನಿಗೆ ಎದುರಾಗದಿದ್ದ ಪ್ರಶ್ನೆ ಮೈಸೂರಿನಲ್ಲಿ ಶ್ರೀಯವರಿಗೆ ಎದುರಾಯಿತು. ಅದು ಎದುರಾದದ್ದೇ ನಮ್ಮ ರುದ್ರನಾಟಕಕ್ಕೆ ಜೀವವಿದ್ದುದರ ಗುರುತು ಎಂದು ನಾವು ತಿಳಿಯುತ್ತೇವೆ.

ಪ್ರಶ್ನೆ ಹುರುಳಿಲ್ಲದ್ದಲ್ಲ. ಗ್ರೀಕರ ಶಾಸ್ತ್ರಕಾರ ಅರಿಸ್ಟಾಟಲನೇ ತನ್ನ ಕಾವ್ಯಮೀಮಾಂಸೆಯಲ್ಲಿ, ಪರಂಪರೆಯಿಂದ ಬಂದ ಕಥೆಗಳ ಮುಖ್ಯ ಘಟನೆಗಳನ್ನು ಕೆಡಿಸಕೂಡದೆಂದು ಹೇಳುತ್ತಾನೆ. ಕ್ಲೈಟೆಮ್ನೆಸ್ಟ್ರಾ ಮಗನ ಕೈಯಿಂದಲೇ ಸಾಯಬೇಕು, ಅದನ್ನು ಕವಿ ಬದಲಿಸಲಾಗದು. ಹಾಗೆ ನೋಡಿದರೆ ಶ್ರೀಯವರು ಗ್ರೀಕರ ಅಚ್ಚನ್ನು ತಂದು ಗ್ರೀಕರ ನಿಯಮವನ್ನೇ ಮುರಿದಂತಾಯಿತು. ಆದರೆ ಗ್ರೀಕ್ ಕವಿಗಳು ಅರಿಸ್ಟಾಟಲನಿಗಾಗಿ ಕಾಯಲಿಲ್ಲ. ಯೂರಿಪಿಡೀಸನು ಕ್ರಿ. ಪೂ. 412ರ ನಾಟಕದಲ್ಲಿ, ಹೆಲೆನ್ ಟ್ರಾಯ್ ನಗರಕ್ಕೆ ಹೋಗಲೇ ಇಲ್ಲ, ಹೋದದ್ದು ಅವಳ ಛಾಯೆ, ಅವಳು ಈಜಿಪ್ಟಿನಲ್ಲಿದ್ದಳು ಎಂದುಬಿಟ್ಟನು. ಹತ್ತು ವರ್ಷದ ಯುದ್ಧದ ಬುಡವನ್ನೇ ಕಿತ್ತಂತೆ!

ನಮ್ಮಲ್ಲಿಯೂ ಇದಕ್ಕೆ ದಾರಿಯಿತ್ತು. ರಸಕ್ಕೆ ಹೊಂದದ ಸಂಗತಿ ಕಥೆಯಲ್ಲಿ ಬಂದಿದ್ದರೂ ಕವಿ ಅದನ್ನು ಬಿಟ್ಟು ತಕ್ಕುದನ್ನು ಕಲ್ಪಿಸಿಕೊಳ್ಳಬಹುದೆಂದು ಆನಂದವರ್ಧನನು ಅಪ್ಪಣೆ ಕೊಟ್ಟಿದ್ದಾನೆ. ಕಾಳಿದಾಸನು ದುಷ್ಯಂತನ ತಪ್ಪನ್ನು ದೂರ್ವಾಸನ ಶಾಪದಡಿ ಮುಚ್ಚಿದನು. ಎಲ್ಲಕ್ಕಿಂತ ದೊಡ್ಡ ಉದಾಹರಣೆ ಭವಭೂತಿ. ವಾಲ್ಮೀಕಿಗಳಲ್ಲಿ ಸೀತೆ ಭೂಮಿಯೊಳಕ್ಕೆ ಹೋದವಳು ತಿರುಗಿ ಬರಲಿಲ್ಲ. ಉತ್ತರರಾಮಚರಿತದಲ್ಲಿ ರಾಮನೂ ಸೀತೆಯೂ ಕೂಡುತ್ತಾರೆ. ಮೂಲದ ಅತಿ ಘೋರವಾದ ಅಗಲಿಕೆಯನ್ನು ಕವಿ ಅಳಿಸಿಹಾಕಿದನು. ನಾವು ಅದನ್ನು ಕರುಣರಸದ ಕಳಶವೆಂದು ಹೊಗಳಿದೆವು. ಹೋದವಳನ್ನು ಬದುಕಿಸಿ ತರಬಹುದಾದರೆ, ಉಳಿದವನಿಗೆ ಸಾವನ್ನು ಕೊಡಬಾರದೇಕೆ? ಬದಲಾವಣೆಯಲ್ಲಲ್ಲ, ನಮಗೆ ಅಳುಕು ಇದ್ದದ್ದು ಸಾವಿನಲ್ಲಿ. ಅದಕ್ಕೂ ಅಪವಾದವಿತ್ತು. ಭಾಸನ ಊರುಭಂಗದಲ್ಲಿ ದುರ್ಯೋಧನನು ರಂಗದ ಮೇಲೆಯೇ ಪ್ರಾಣಬಿಡುತ್ತಾನೆ; ಅದೇ ನಾಟಕದ ಕೊನೆಯಲ್ಲಿ ಅಶ್ವತ್ಥಾಮನು ಬಂದು ಇರುಳ ಯುದ್ಧದ ಪ್ರತಿಜ್ಞೆ ಮಾಡುತ್ತಾನೆ. ಗಣಪತಿಶಾಸ್ತ್ರಿಗಳು ತಿರುವನಂತಪುರದಲ್ಲಿ ಭಾಸನ ನಾಟಕಗಳನ್ನು 1912ರಿಂದ ಅಚ್ಚುಹಾಕಿಸಿದಾಗ ಅದು ಮರಳಿ ಬೆಳಕಿಗೆ ಬಂದಿತ್ತು.

ಇನ್ನು ತಿರುಳಿನ ಮಾತು. ಭಾರತದಲ್ಲಿ ಅಶ್ವತ್ಥಾಮನ ಚಿರಂಜೀವಿತ್ವವು ವರವಾಗಿ ಉಳಿದಿಲ್ಲ, ದಂಡನೆಯಾಗಿದೆ. ಹಣೆಯ ಮಣಿಯನ್ನು ಕಳೆದುಕೊಂಡವನಿಗೆ ಕೃಷ್ಣನು ಶಾಪವಿಡುತ್ತಾನೆ: ಮೂರು ಸಾವಿರ ವರ್ಷ ಕೀವುರಕ್ತದ ನಾತದೊಡನೆ, ಮಾತಾಡಿಸುವವರಿಲ್ಲದೆ, ನಿರ್ಜನದಲ್ಲಿ ಅಲೆಯತಕ್ಕದ್ದು. ಟೆನ್ನಿಸನ್ ಕವಿಯು 1860ರಲ್ಲಿ ಪ್ರಕಟಿಸಿದ 'ಟಿಥೋನಸ್' ಕವನದ ನಾಯಕನೂ ಇಂಥ ನತದೃಷ್ಟನೇ. ಉಷೋದೇವಿ ಅವನಿಗೆ ಅಮರತ್ವವನ್ನು ಬೇಡಿ ಪಡೆದಳು, ಯೌವನವನ್ನು ಬೇಡಲು ಮರೆತಳು. ಅವನು ಮುಪ್ಪಿನಲ್ಲಿ ಸವೆಯುತ್ತಲೇ ಇದ್ದಾನೆ, ಸಾಯುವ ಭಾಗ್ಯವುಳ್ಳ ಮನುಷ್ಯರನ್ನು ಕಂಡು ಕರುಬುತ್ತಾನೆ. ವ್ಯಾಸರ ಅಶ್ವತ್ಥಾಮನನ್ನು ಟಿಥೋನಸನಂತೆ ಬಿಡುವುದು ಸಾಧ್ಯವಿತ್ತು. ಆಗ ಅವನು ನೆನಪಿನಲ್ಲಿ ಉಳಿಯುವ ಒಂದು ಎಚ್ಚರಿಕೆ ಮಾತ್ರ. ತನ್ನ ಕೃತ್ಯಕ್ಕೆ ತಾನೇ ತೀರ್ಪು ಹೇಳಿಕೊಳ್ಳುವ ಸ್ವಾತಂತ್ರ್ಯ ಅವನಿಗಿಲ್ಲ, ತೀರ್ಪು ಕೃಷ್ಣನದು. ಶ್ರೀಯವರು ಅವನಿಂದ ಚಿರಂಜೀವಿತ್ವವನ್ನು ಕಿತ್ತುಕೊಂಡು ಆ ಸ್ವಾತಂತ್ರ್ಯವನ್ನು ಕೊಟ್ಟರು. ಪುರಾಣಕ್ಕೆ ಇದು ಅನ್ಯಾಯವಾಗಿರಬಹುದು. ಅಶ್ವತ್ಥಾಮನಿಗೆ ಅನ್ಯಾಯವಾಗಲಿಲ್ಲವೆಂದು ನಮ್ಮ ನಂಬಿಕೆ. ನಮ್ಮ ಹಿರಿಯರಲ್ಲಿ ಕೆಲವರಾದರೂ ಇದನ್ನು ಒಪ್ಪಲಾರರು, ಮತ್ತು ಒಪ್ಪದಿರುವುದಕ್ಕೆ ಅವರಿಗೆ ಕಾರಣವಿದೆ: ಮಕ್ಕಳನ್ನು ನಿದ್ರೆಯಲ್ಲಿ ಕೊಂದವನಿಗೆ ಸಾವು ತೀರ ಅಗ್ಗದ ಬಿಡುಗಡೆಯಲ್ಲವೆ? ಏಜಾಕ್ಸನು ಕಡಿದದ್ದು ಪಶುಗಳನ್ನು. ಸೌಪ್ತಿಕದ ರಾತ್ರಿ ಸತ್ತವರು ಮನುಷ್ಯರು. ಈ ತೂಕದ ವ್ಯತ್ಯಾಸವನ್ನು ಗ್ರೀಕ್ ಅಚ್ಚು ತಾಳಿಕೊಳ್ಳುವುದೇ ಎಂಬಲ್ಲಿ ನಾಟಕದ ನಿಜವಾದ ಕಷ್ಟವಿದೆ, ಚಿರಂಜೀವಿಗಳ ಪಟ್ಟಿಯಲ್ಲಲ್ಲ.

ಇನ್ನೊಂದು ಕಷ್ಟವೂ ಉಂಟು, ಅದು ಭಾಷೆಯದು. ಶ್ರೀಯವರು ಹಳಗನ್ನಡವನ್ನು ಆರಿಸಿಕೊಂಡರು. ಛಂದಸ್ಸಿಗೆ ಐದು ಮಾತ್ರೆಯ ನಾಲ್ಕು ಗಣಗಳ ಲಲಿತರಗಳೆಯನ್ನು ತೆಗೆದುಕೊಂಡು, ಪ್ರಾಸದ ಕಟ್ಟನ್ನು ಬಿಡಿಸಿ, ಮಾತು ಸಾಲಿನಿಂದ ಸಾಲಿಗೆ ಹರಿಯುವಂತೆ ಮಾಡಿದರು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿಯೇ ದ್ವಿತೀಯಾಕ್ಷರ ಪ್ರಾಸವನ್ನು ಬಿಟ್ಟು ಬರೆದು ಹಾದಿಯನ್ನು ತೋರಿಸಿದ್ದರು. ಪ್ರಾಸವಿಲ್ಲದ ಈ ರಗಳೆಯೇ ಸರಳರಗಳೆಯೆಂದು ಹೆಸರಾಗಿ ಕನ್ನಡ ಪದ್ಯನಾಟಕದ ಬೆನ್ನೆಲುಬಾಯಿತು. ಛಂದಸ್ಸು ಗೆದ್ದಿತು, ಹಳಗನ್ನಡ ಗೆಲ್ಲಲಿಲ್ಲವೆಂದೇ ಹೇಳಬೇಕು. ಮೇಳಗೀತದ ಗಂಭೀರಕ್ಕೆ ಅದು ಒಪ್ಪುತ್ತದೆ. ಗಂಡನನ್ನು ತಡೆಯಬಂದ ಹೆಂಡತಿಯ ಮಾತಿಗೆ ನಿಘಂಟನ್ನು ತೆರೆಯಬೇಕಾದರೆ ಕಣ್ಣೀರು ಅಷ್ಟರಲ್ಲಿ ಆರಿರುತ್ತದೆ. ವಿಕ್ಟೋರಿಯಾ ಕಾಲದ ಕವಿಗಳು ಓದುಗನ ಕೋಣೆಗೆಂದೇ ಬರೆದರು. ನಮ್ಮವರು ಬಯಲಿನ ಜನರ ಕಥೆಯನ್ನು ತೆಗೆದುಕೊಂಡರು, ಆದರೆ ನುಡಿ ಅದನ್ನು ಮತ್ತೆ ಕೋಣೆಯೊಳಕ್ಕೇ ತಂದಿತು.

ಇದನ್ನು ಅವರೂ ಕಂಡರೆಂದು ತೋರುತ್ತದೆ. 1935ರ 'ಪಾರಸಿಕರು' ಹೆಸರಿನಿಂದಲೇ ಹೊಸಗನ್ನಡದ್ದು. ಇದು ಕ್ರಿ. ಪೂ. 472ರಲ್ಲಿ ಈಸ್ಕಿಲಸನು ಆಡಿಸಿದ ನಾಟಕದ ಅನುವಾದ. ಎಂಟು ವರ್ಷದ ಹಿಂದೆ ಸಲಾಮಿಸ್ ಕಡಲಿನಲ್ಲಿ ಸೋತ ಪರ್ಷಿಯನರ ಶೋಕವನ್ನು ಗೆದ್ದ ಅಥೆನ್ಸಿನವರ ಮುಂದೆಯೇ ಇಟ್ಟದ್ದು. ನಮಗೆ ಉಳಿದುಬಂದಿರುವ ಗ್ರೀಕ್ ರುದ್ರನಾಟಕಗಳಲ್ಲಿ ಸಮಕಾಲೀನ ಇತಿಹಾಸವನ್ನು ವಸ್ತುವಾಗಿ ಉಳ್ಳದ್ದು ಇದೊಂದೇ.

ಬಿತ್ತಿದ್ದು ಬೇರೆಯವರ ಹೊಲದಲ್ಲಿ ಬೆಳೆಯಿತು. ಕುವೆಂಪು ಅವರು ಸರಳರಗಳೆಯನ್ನು ಎತ್ತಿಕೊಂಡು 1931ರಲ್ಲಿ 'ಶ್ಮಶಾನ ಕುರುಕ್ಷೇತ್ರಂ' ಬರೆದರು. ಶ್ರೀಯವರು ಕರೆತಂದ ಏಕಲವ್ಯನು 1947ರ 'ಬೆರಳ್‌ಗೆ ಕೊರಳ್' ನಾಟಕದಲ್ಲಿ ತಾನೇ ನಾಯಕನಾದನು. ನಡುವೆ 1944ರ 'ಶೂದ್ರ ತಪಸ್ವಿ'ಯಲ್ಲಿ ಶಂಬೂಕನ ಕಥೆಯನ್ನು ಅವರು ಬದಲಿಸಿದಾಗ, ಪುರಾಣವನ್ನು ಹೀಗೆ ತಿದ್ದಬಹುದೆ ಎಂದು ಮಾಸ್ತಿಯವರು ಆಕ್ಷೇಪಿಸಿದರು. ಅಶ್ವತ್ಥಾಮನಿಗಾಗಿ ಎದ್ದ ಪ್ರಶ್ನೆಯೇ ಶಂಬೂಕನಿಗಾಗಿ ಮತ್ತೊಮ್ಮೆ ಎದ್ದಿತು. ಈ ಬಾರಿ ಅದಕ್ಕೆ ಜಾತಿಯ ಉರಿಯೂ ಸೇರಿತ್ತು. ಗ್ರೀಕರ ನಾಟಕವು ಬಯಲಿಗೆ ಬಂದದ್ದು ಇನ್ನೂ ತಡವಾಗಿ: ಲಂಕೇಶರು ಆಡುಮಾತಿಗೆ ಹತ್ತಿರವಾದ ಕನ್ನಡಕ್ಕೆ ತಂದ ಈಡಿಪಸನನ್ನು ಬಿ. ವಿ. ಕಾರಂತರು 1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಆಡಿಸಿದರು.

ಈ ನಾಟಕಗಳನ್ನು ಓದಬೇಕೆಂದು ಮನಸ್ಸಾದವರು 'ಪಾರಸಿಕರು'ವಿನಿಂದ ಆರಂಭಿಸುವುದು ಲೇಸು, ಭಾಷೆ ಅಡ್ಡಬರುವುದಿಲ್ಲ. ಆಮೇಲೆ 'ಗದಾಯುದ್ಧ ನಾಟಕಂ', ಪಕ್ಕದಲ್ಲಿ ರನ್ನನನ್ನು ಇಟ್ಟುಕೊಂಡು. 'ಅಶ್ವತ್ಥಾಮನ್' ಕೊನೆಗೆ. ಅದನ್ನು ಮೌನವಾಗಿ ಓದಬೇಡಿ. ಇಬ್ಬರು ಮೂವರು ಕೂಡಿ, ಮೇಳಗೀತಗಳನ್ನು ಒಬ್ಬರಿಗೆ ವಹಿಸಿ, ಗಟ್ಟಿಯಾಗಿ ಓದಿರಿ. ಅರ್ಥವಾಗದ ಶಬ್ದಗಳು ಬಂದಲ್ಲಿ ನಿಲ್ಲಬೇಡಿ. ಐದು ಮಾತ್ರೆಯ ನಡೆ ಕೈಹಿಡಿದು ಮುಂದಕ್ಕೆ ಕರೆದೊಯ್ಯುತ್ತದೆ. ಭಾರ್ಗವಿಯ ಮಾತು ಬಂದಾಗ ಮಾತ್ರ ಸ್ವಲ್ಪ ನಿಧಾನಿಸಿ ಓದುವುದು.